ನರಮೇಧದ ದಾವೆಗೆ ಹೇಗ್ ನ್ಯಾಯಾಲಯ: ಹೋದವರಿಗೆ ಸಿಕ್ಕಿದ್ದೇನು?

ಒಂದು ದೇಶ ಇನ್ನೊಂದು ದೇಶದ ಮೇಲೆ ನರಮೇಧದ ದಾವೆ ಹೂಡಬೇಕೆಂದರೆ ಹೋಗಬೇಕಾದ ಜಾಗ ಒಂದೇ: ನೆದರ್ಲೆಂಡ್ಸ್‌ನ ಹೇಗ್‌ನಲ್ಲಿ, ಪೀಸ್ ಪ್ಯಾಲೇಸ್ ಕಟ್ಟಡದಲ್ಲಿ ಕೂರುವ ಅಂತರರಾಷ್ಟ್ರೀಯ ನ್ಯಾಯಾಲಯ. ಹದಿನೈದು ನ್ಯಾಯಾಧೀಶರು, ಒಂಬತ್ತು ವರ್ಷದ ಅವಧಿ. ಪೀಠದಲ್ಲಿ ತನ್ನವರು ಯಾರೂ ಇಲ್ಲದ ದೇಶ ಆ ದಾವೆಯ ಮಟ್ಟಿಗೆ ತನ್ನ ಕಡೆಯಿಂದ ಒಬ್ಬ ನ್ಯಾಯಾಧೀಶರನ್ನು ನೇಮಿಸಬಹುದು. ಅದೇ ಊರಿನಲ್ಲಿರುವ ಅಂತರರಾಷ್ಟ್ರೀಯ ಕ್ರಿಮಿನಲ್ ನ್ಯಾಯಾಲಯ ಬೇರೆ ಸಂಸ್ಥೆ. ಅಲ್ಲಿ ವ್ಯಕ್ತಿಗಳ ಮೇಲೆ ಮೊಕದ್ದಮೆ, ಇಲ್ಲಿ ದೇಶಗಳ ನಡುವೆ ದಾವೆ. ಟಿವಿಯವರು ಎರಡನ್ನೂ ಕಲಸಿ ಹೇಳುವುದು ಇನ್ನೂ ನಿಂತಿಲ್ಲ.

ಈ ನ್ಯಾಯಾಲಯದ ಕೆಲಸ ಬಹಳ ಇದೆ. ಇಲ್ಲಿ ನೋಡುತ್ತಿರುವುದು ನರಮೇಧದ ದಾವೆಗಳನ್ನು ಮಾತ್ರ, ಅದರಲ್ಲೂ ತೀರ್ಪಿನ ನಂತರ ರಾಜಕೀಯದಲ್ಲಿ ಆದದ್ದನ್ನು. ಮೊದಲೇ ಹೇಳಿಬಿಡುವುದಾದರೆ: ಮಧ್ಯಂತರ ಆದೇಶ ಬೇಗ ಬರುತ್ತದೆ, ಅಂತಿಮ ತೀರ್ಪಿಗೆ ಹತ್ತು ವರ್ಷಕ್ಕೂ ಮೇಲೆ ಕಾಯಬೇಕು, ಜಾರಿಯ ವ್ಯವಸ್ಥೆ ಇಲ್ಲವೆಂದೇ ಹೇಳಬೇಕು. ನಮ್ಮ ಸಿವಿಲ್ ಕೋರ್ಟಿನಲ್ಲಿ ಡಿಕ್ರಿ ಕೈಗೆ ಬಂದ ಮೇಲೆ ಅಮಲ್ಜಾರಿ ಅರ್ಜಿ ಹಾಕಿ ಅಮೀನನನ್ನು ಕರೆದುಕೊಂಡು ಹೋಗಬಹುದು. ಹೇಗ್‌ನಲ್ಲಿ ಅಮೀನ ಇಲ್ಲ. ಆ ಕೆಲಸವನ್ನು ಬೇರೆ ಯಾರಾದರೂ ತಮ್ಮದೇ ಲೆಕ್ಕಾಚಾರಕ್ಕಾಗಿ ಕೈಗೆತ್ತಿಕೊಂಡರೆ ಮಾತ್ರ ತೀರ್ಪು ಕಾಗದದಿಂದ ಕೆಳಗಿಳಿಯುತ್ತದೆ.

ಒಳಗೆ ಹೋಗುವ ಮುನ್ನ

ದಾವೆ ಹೂಡಲು ನ್ಯಾಯಾಲಯದ ಶುಲ್ಕ ಇಲ್ಲ; ಅದರ ಖರ್ಚನ್ನು ವಿಶ್ವಸಂಸ್ಥೆ ನೋಡಿಕೊಳ್ಳುತ್ತದೆ. ವಕೀಲರ ಫೀಸು, ಸಾಕ್ಷ್ಯ ಸಂಗ್ರಹ, ಭಾಷಾಂತರ ಎಲ್ಲ ಆಯಾ ದೇಶದ್ದೇ. ಬಡ ದೇಶಗಳಿಗಾಗಿ ವಿಶ್ವಸಂಸ್ಥೆಯ ಪ್ರಧಾನ ಕಾರ್ಯದರ್ಶಿಯ ಕೈಕೆಳಗೆ 1989ರಿಂದ ಒಂದು ನಿಧಿಯಿದೆ. ದಾವೆಯ ಬೇರು 1948ರ ಡಿಸೆಂಬರ್ 9ರಂದು ಮಹಾಸಭೆ ಅಂಗೀಕರಿಸಿದ ನರಮೇಧ ಒಡಂಬಡಿಕೆ. ಅದರ 1ನೇ ವಿಧಿ ನರಮೇಧವನ್ನು ತಡೆಯುವ, ಶಿಕ್ಷಿಸುವ ಹೊಣೆಯನ್ನು ಹೊರಿಸುತ್ತದೆ. 2ನೇ ವಿಧಿ ವ್ಯಾಖ್ಯೆ ಕೊಡುತ್ತದೆ. 9ನೇ ವಿಧಿ ಈ ನ್ಯಾಯಾಲಯದ ಬಾಗಿಲು ತೆರೆಯುತ್ತದೆ.

ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಆ 9ನೇ ವಿಧಿಯನ್ನು ಎದುರು ಪಕ್ಷ ಒಪ್ಪಿದೆಯೇ ಎಂಬುದನ್ನು. ಅಮೆರಿಕ, ಚೀನಾ, ಯುಎಇ ಮೊದಲಾದ ದೇಶಗಳು ಒಡಂಬಡಿಕೆಗೆ ಸೇರುವಾಗಲೇ ಇದಕ್ಕೆ ತಕರಾರು ದಾಖಲಿಸಿವೆ. ಸುಡಾನ್ 2025ರ ಮಾರ್ಚ್ 5ರಂದು ಯುಎಇ ಮೇಲೆ ದಾವೆ ಹೂಡಿತು: ಡಾರ್ಫರ್‌ನಲ್ಲಿ ಮಸಾಲಿತ್ ಜನರ ಮೇಲೆ ದಾಳಿ ನಡೆಸುತ್ತಿರುವ ಪಡೆಗೆ ಯುಎಇ ನೆರವು ಕೊಡುತ್ತಿದೆ ಎಂಬ ಆರೋಪ. ಮೇ 5ಕ್ಕೆ ಎಲ್ಲ ಮುಗಿಯಿತು. ಮಧ್ಯಂತರ ಅರ್ಜಿ 14–2ರಲ್ಲಿ ವಜಾ, ದಾವೆಯೇ 9–7ರಲ್ಲಿ ಪಟ್ಟಿಯಿಂದ ಹೊರಗೆ. ಆರೋಪದಲ್ಲಿ ಹುರುಳಿದೆಯೇ ಇಲ್ಲವೇ ಎಂಬುದಕ್ಕೆ ನ್ಯಾಯಾಲಯ ಕೈ ಹಾಕಲೇ ಇಲ್ಲ, ಆದರೂ ಯುಎಇ ಅದನ್ನು ತನ್ನ ಗೆಲುವೆಂದೇ ಸಾರಿತು. ಕಾಂಗೋ 2002ರಲ್ಲಿ ರುವಾಂಡಾದ ಮೇಲೆ ಹೂಡಿದ್ದ ದಾವೆಯೂ 2006ರಲ್ಲಿ ಇದೇ ಕಲ್ಲಿಗೆ ಎಡವಿತ್ತು. ಫಲಿತಾಂಶ ಮೊದಲೇ ಕಾಣುತ್ತಿದ್ದರೂ ಸುದ್ದಿಗಾಗಿ ದಾವೆ ಹೂಡುವುದು ಎದುರಾಳಿಗೆ ಪುಕ್ಕಟೆ ಪ್ರಮಾಣಪತ್ರ ಕೊಟ್ಟಂತೆ.

ಭಾರತವೂ ಈ ಸಾಲಿನಲ್ಲೇ ಇದೆ. 1959ರಲ್ಲಿ ಒಡಂಬಡಿಕೆಯನ್ನು ಅನುಮೋದಿಸುವಾಗ, ಪ್ರತಿ ಪ್ರಕರಣದಲ್ಲೂ ಎಲ್ಲ ಪಕ್ಷಗಳ ಒಪ್ಪಿಗೆ ಇದ್ದರೆ ಮಾತ್ರ 9ನೇ ವಿಧಿ ಎಂಬ ಷರತ್ತು ಹಾಕಿತು. ಹಾಗಾಗಿ ಭಾರತವನ್ನು ಯಾರೂ ಈ ವಿಧಿಯಡಿ ಎಳೆಯಲಾರರು. ಭಾರತ ದಾವೆ ಹೂಡಿದರೂ ಎದುರು ಪಕ್ಷ ಅದೇ ಷರತ್ತನ್ನು ತಿರುಗಿಸಿ ಹಿಡಿಯಬಹುದು. ಈ ಪೀಠದಲ್ಲಿ ಕೂತವರ ಪೈಕಿ ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾವ್ ಒಬ್ಬರು; 1952ರಲ್ಲಿ ನ್ಯಾಯಾಧೀಶರಾಗಿ ಮರುವರ್ಷವೇ ತೀರಿಕೊಂಡರು. ಷರತ್ತು ಬಂದದ್ದು ಅವರ ನಂತರ.

ಮಧ್ಯಂತರ ಆದೇಶ: ವೇಗಕ್ಕೆ ಪೂರ್ಣ ಅಂಕ

ದಾವೆಯ ಜೊತೆಗೇ ಮಧ್ಯಂತರ ಕ್ರಮಕ್ಕೆ ಅರ್ಜಿ ಹಾಕಿದರೆ ನ್ಯಾಯಾಲಯ ಉಳಿದ ಕೆಲಸ ಬದಿಗಿಟ್ಟು ಅದನ್ನು ಕೇಳುತ್ತದೆ. ರಷ್ಯಾ ವಿರುದ್ಧ ಉಕ್ರೇನ್‌ಗೆ 2022ರಲ್ಲಿ 18 ದಿನಕ್ಕೆ ಆದೇಶ ಸಿಕ್ಕಿತು, ಸರ್ಬಿಯಾ ವಿರುದ್ಧ ಬೋಸ್ನಿಯಾಗೆ 1993ರಲ್ಲಿ 19 ದಿನಕ್ಕೆ, ಇಸ್ರೇಲ್ ವಿರುದ್ಧ ದಕ್ಷಿಣ ಆಫ್ರಿಕಾಗೆ 2024ರಲ್ಲಿ 28 ದಿನಕ್ಕೆ, ಮ್ಯಾನ್ಮಾರ್ ವಿರುದ್ಧ ಗಾಂಬಿಯಾಗೆ 2020ರಲ್ಲಿ 73 ದಿನಕ್ಕೆ. ಇಂಥ ಆದೇಶಗಳು ಕಡ್ಡಾಯ ಎಂಬುದು ಇದೇ ನ್ಯಾಯಾಲಯದ 2001ರ ಲಾಗ್ರಾಂಡ್ ತೀರ್ಪಿನಿಂದ ಇತ್ಯರ್ಥವಾಗಿದೆ. 2020ರ ಡಿಸೆಂಬರ್‌ನಲ್ಲಿ ಪಾಲನೆಯ ಮೇಲೆ ಕಣ್ಣಿಡಲು ಮೂವರು ನ್ಯಾಯಾಧೀಶರ ಸಮಿತಿಗೂ ನಿಯಮ ಮಾಡಿಕೊಂಡರು.

ಅರ್ಜಿದಾರ ಈ ಹಂತದಲ್ಲಿ ನರಮೇಧ ನಡೆದಿದೆ ಎಂದು ಸಾಬೀತು ಮಾಡಬೇಕಿಲ್ಲ. ಮೇಲ್ನೋಟಕ್ಕೆ ನ್ಯಾಯವ್ಯಾಪ್ತಿ ಇದೆ, ಕೇಳುತ್ತಿರುವ ಹಕ್ಕು ನಂಬಲರ್ಹ, ತಡಮಾಡಿದರೆ ಸರಿಪಡಿಸಲಾಗದ ಹಾನಿ ಆಗುತ್ತದೆ, ಇಷ್ಟು ತೋರಿಸಿದರೆ ಸಾಕು. ತಪ್ಪು ಗ್ರಹಿಕೆ ಹುಟ್ಟುವುದೂ ಇಲ್ಲೇ. 2024ರ ಜನವರಿ 26ರ ಆದೇಶವನ್ನು 'ಇಸ್ರೇಲ್ ನರಮೇಧ ನಡೆಸಿರುವುದು ನಂಬಲರ್ಹ ಎಂದ ನ್ಯಾಯಾಲಯ' ಎಂದು ಎಷ್ಟೋ ಕಡೆ ಬರೆದರು. ಆಗ ಪೀಠದ ಅಧ್ಯಕ್ಷರಾಗಿದ್ದ ಜೋನ್ ಡೊನಹ್ಯೂ ಅದೇ ಏಪ್ರಿಲ್‌ನಲ್ಲಿ ಬಿಬಿಸಿಗೆ ಅದನ್ನು ತಿದ್ದಿ ಹೇಳಿದರು: ನಂಬಲರ್ಹ ಎಂದದ್ದು ನರಮೇಧದಿಂದ ರಕ್ಷಣೆ ಪಡೆಯುವ ಪ್ಯಾಲೆಸ್ಟೀನಿಯರ ಹಕ್ಕನ್ನು. ಈ ವ್ಯತ್ಯಾಸ ಬರೀ ಕೂದಲು ಸೀಳುವ ವಾದವಲ್ಲ. ಅಂತಿಮ ಹಂತದಲ್ಲಿ ಬೇಕಾಗುವ ಪುರಾವೆಯ ಮಟ್ಟ ಬೇರೆಯೇ, ಮತ್ತು ಅಲ್ಲಿ ಎಷ್ಟು ಕಷ್ಟ ಎಂಬುದನ್ನು ಬೋಸ್ನಿಯಾ ಅನುಭವಿಸಿದೆ.

ಬೋಸ್ನಿಯಾ: ಪೂರ್ತಿ ಪ್ರಯಾಣ ಮಾಡಿದ ದಾವೆ

ಸರ್ಬಿಯಾದ (ಆಗಿನ ಯುಗೊಸ್ಲಾವಿಯಾದ) ಮೇಲೆ ಬೋಸ್ನಿಯಾ 1993ರ ಮಾರ್ಚ್ 20ಕ್ಕೆ ಹಾಕಿದ ಅರ್ಜಿ, 2007ರ ಫೆಬ್ರವರಿ 26ಕ್ಕೆ ತೀರ್ಪು. 13 ವರ್ಷ 11 ತಿಂಗಳು. ನಡುವೆ 1995ರ ಜುಲೈನಲ್ಲಿ ಸ್ರೆಬ್ರೆನಿತ್ಸಾದಲ್ಲಿ ಬೋಸ್ನಿಯಾದ ಸರ್ಬ್ ಸೇನೆ 8,000ಕ್ಕೂ ಹೆಚ್ಚು ಬೋಸ್ನಿಯಾಕ್ (ಬೋಸ್ನಿಯಾದ ಮುಸ್ಲಿಂ) ಗಂಡಸರನ್ನೂ ಹುಡುಗರನ್ನೂ ಕೊಂದಿತು. ನರಮೇಧ ತಡೆಯಿರಿ ಎಂದು ಸರ್ಬಿಯಾದ ರಾಜಧಾನಿ ಬೆಲ್‌ಗ್ರೇಡ್‌ಗೆ ಹೇಳಿದ ಮಧ್ಯಂತರ ಆದೇಶ ಅದಕ್ಕಿಂತ ಎರಡು ವರ್ಷ ಮೊದಲೇ ಹೊರಬಿದ್ದಿತ್ತು. ಆದೇಶ ಎಷ್ಟೇ ಚುರುಕಾಗಿ ಬಂದರೂ ಅದನ್ನು ಹಿಡಿದು ನಿಲ್ಲುವವರು ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಕ್ರೂರ ಉದಾಹರಣೆ ಇಲ್ಲ.

ತೀರ್ಪಿನ 471ನೇ ಪರಿಚ್ಛೇದವನ್ನು ಮತಗಳ ಸಮೇತ ಓದಬೇಕು. ಸ್ರೆಬ್ರೆನಿತ್ಸಾದಲ್ಲಿ ನಡೆದದ್ದು ನರಮೇಧವೇ, ಆದರೆ ಅದನ್ನು ಸರ್ಬಿಯಾ ತನ್ನ ಅಂಗಗಳ ಮೂಲಕ ಎಸಗಿಲ್ಲ: 13–2. ತಡೆಯುವ ಹೊಣೆಯಲ್ಲಿ ಸರ್ಬಿಯಾ ತಪ್ಪಿದೆ: 12–3. ಬೋಸ್ನಿಯಾದ ಸರ್ಬ್ ಸೇನೆಯ ದಂಡನಾಯಕ ರಾಟ್ಕೊ ಮ್ಲಾದಿಚ್‌ನನ್ನು ಯುಗೊಸ್ಲಾವಿಯಾ ನ್ಯಾಯಮಂಡಳಿಗೆ (ಆ ಯುದ್ಧಗಳ ಅಪರಾಧಿಗಳ ವಿಚಾರಣೆಗೆ ವಿಶ್ವಸಂಸ್ಥೆ ರಚಿಸಿದ್ದ ಮಂಡಳಿ) ಒಪ್ಪಿಸದೆ ಸಹಕಾರದ ಹೊಣೆಯಲ್ಲೂ ತಪ್ಪಿದೆ: 14–1. ಪರಿಹಾರದ ಹಣ ಇಲ್ಲ: 13–2. ತಡೆದಿದ್ದರೆ ಕೊಲೆ ಖಂಡಿತ ನಿಲ್ಲುತ್ತಿತ್ತು ಎಂಬ ನೇರ ಸಂಬಂಧ ಸಾಬೀತಾಗಿಲ್ಲ, ಆದ್ದರಿಂದ ತೀರ್ಪಿನ ಘೋಷಣೆಯೇ ಸಮಾಧಾನ ಎಂದರು.

ಮೊದಲ ಅಂಶದಲ್ಲಿ ಬೋಸ್ನಿಯಾ ಸೋತದ್ದೇಕೆ? ಎರಡು ಕಾರಣ. ಒಂದು, ನಿಯಂತ್ರಣದ ಅಳತೆ. ಬೋಸ್ನಿಯಾದ ಸರ್ಬ್ ಸೇನೆಗೆ ಬೆಲ್‌ಗ್ರೇಡ್ ಹಣ, ಆಯುಧ, ಅಧಿಕಾರಿಗಳ ಸಂಬಳ ಕೊಡುತ್ತಿತ್ತು ಎಂಬುದು ಸಾಲಲಿಲ್ಲ. ಆ ನಿರ್ದಿಷ್ಟ ಕೃತ್ಯದ ಮೇಲೆ ಅದರ ಪರಿಣಾಮಕಾರಿ ಹಿಡಿತ ಇತ್ತು ಎಂದು ತೋರಿಸಬೇಕಿತ್ತು. ಯುಗೊಸ್ಲಾವಿಯಾ ನ್ಯಾಯಮಂಡಳಿ 1999ರ ತಾದಿಚ್ ಮೇಲ್ಮನವಿಯಲ್ಲಿ ಬಳಸಿದ್ದ ಸಡಿಲ ಅಳತೆಯನ್ನು ಈ ಪೀಠ ಒಪ್ಪಲಿಲ್ಲ. ಎರಡು, ದಾಖಲೆ. ಸರ್ಬಿಯಾದ ಸುಪ್ರೀಂ ಡಿಫೆನ್ಸ್ ಕೌನ್ಸಿಲ್‌ನ ಕಡತಗಳಲ್ಲಿ ಮಸಿ ಬಳಿದ ಭಾಗಗಳಿದ್ದವು. ಪೂರ್ಣ ಪ್ರತಿ ತರಿಸಿ ಎಂದು ಬೋಸ್ನಿಯಾ ಕೇಳಿತು, ಪೀಠ ತರಿಸಲಿಲ್ಲ. ಉಪಾಧ್ಯಕ್ಷ ಅಲ್-ಖಸಾವ್ನೆ ತಮ್ಮ ಭಿನ್ನ ತೀರ್ಪಿನಲ್ಲಿ ಇದನ್ನೇ ಎತ್ತಿ ಆಡಿದ್ದಾರೆ. ಸೇವೆಯ ಅತಿ ದೊಡ್ಡ ಲೋಪ ಯಾವುದು ಎಂದು ಕೇಳಿದರೆ ಇದನ್ನೇ ತೋರಿಸಬೇಕು: ಪುರಾವೆ 'ಪೂರ್ಣ ನಿರ್ಣಾಯಕ'ವಾಗಿರಬೇಕು ಎಂದು ಕೇಳುವ ನ್ಯಾಯಾಲಯ, ಪುರಾವೆ ಇರುವ ಪೆಟ್ಟಿಗೆಯನ್ನು ತೆರೆಸಲು ಮನಸ್ಸು ಮಾಡಲಿಲ್ಲ.

ಇನ್ನು ರಾಜಕೀಯ ಫಲ. ಬೆಲ್‌ಗ್ರೇಡ್ ಮೊದಲ ಸಾಲನ್ನು ಮಾತ್ರ ಓದಿ ನಾವು ನಿರ್ದೋಷಿ ಎಂದಿತು. ಬೋಸ್ನಿಯಾದಲ್ಲಿ, ಸ್ರೆಬ್ರೆನಿತ್ಸಾವನ್ನು ಸರ್ಬ್ ಆಡಳಿತದ ರಿಪಬ್ಲಿಕಾ ಸರ್ಪ್‌ಸ್ಕಾದಿಂದ ಬೇರ್ಪಡಿಸಿ ವಿಶೇಷ ಸ್ಥಾನ ಕೊಡಿ ಎಂಬ ಬೇಡಿಕೆ ಎದ್ದಿತು, ಸಿಗಲಿಲ್ಲ. ಕೆಲಸ ಮಾಡಿದ್ದು ಯಾರೂ ಹೆಚ್ಚು ಗಮನಿಸದಿದ್ದ ಮೂರನೇ ಅಂಶ, ಅಂದರೆ ಮ್ಲಾದಿಚ್. ಯುರೋಪಿಯನ್ ಒಕ್ಕೂಟ 2006ರಲ್ಲೇ ಇದೇ ಕಾರಣಕ್ಕೆ ಸರ್ಬಿಯಾದೊಡನೆ ಮಾತುಕತೆ ನಿಲ್ಲಿಸಿತ್ತು. 2008ರ ಏಪ್ರಿಲ್‌ನಲ್ಲಿ ಸಹಭಾಗಿತ್ವ ಒಪ್ಪಂದಕ್ಕೆ ಸಹಿ ಬಿದ್ದರೂ ನೆದರ್ಲೆಂಡ್ಸ್ ಅದರ ಮುಂದಿನ ಹೆಜ್ಜೆಗಳನ್ನು ತಡೆಹಿಡಿಯಿತು. 2008ರ ಜುಲೈನಲ್ಲಿ ಬೋಸ್ನಿಯಾದ ಸರ್ಬರ ರಾಜಕೀಯ ನಾಯಕ ಕರಾಜಿಚ್, 2011ರ ಮೇ 26ರಂದು ಮ್ಲಾದಿಚ್ ಸಿಕ್ಕಿಬಿದ್ದರು. 2012ರ ಮಾರ್ಚ್‌ನಲ್ಲಿ ಸರ್ಬಿಯಾಗೆ ಅಭ್ಯರ್ಥಿ ಸ್ಥಾನ ಸಿಕ್ಕಿತು. ಕೀಲಿ ಇದ್ದದ್ದು ಬ್ರಸೆಲ್ಸ್ ಕೈಯಲ್ಲಿ. ಹೇಗ್ ಕೊಟ್ಟದ್ದು ಆ ಒತ್ತಡಕ್ಕೆ ಬೇಕಾದ ಕಾನೂನಿನ ನೆಲೆ. ಅಮೀನನ ಕೆಲಸ ಮಾಡಿದ್ದು ಒಕ್ಕೂಟದ ಸದಸ್ಯತ್ವದ ಆಸೆ.

2010ರ ಮಾರ್ಚ್ 31ರಂದು ಸರ್ಬಿಯಾದ ಸಂಸತ್ತು ಸ್ರೆಬ್ರೆನಿತ್ಸಾವನ್ನು ಖಂಡಿಸುವ ನಿರ್ಣಯ ಮಾಡಿತು. 250 ಸದಸ್ಯರಲ್ಲಿ 127 ಮತ. ಅದರಲ್ಲಿ ನರಮೇಧ ಎಂಬ ಮಾತು ಇಲ್ಲ. 'ಅಂತರರಾಷ್ಟ್ರೀಯ ನ್ಯಾಯಾಲಯದ ತೀರ್ಪಿನಲ್ಲಿ ಸಾಬೀತಾದ ರೀತಿಯಲ್ಲಿ' ನಡೆದ ಅಪರಾಧ ಎಂದಿದೆ. ಒಪ್ಪಿಕೊಂಡಂತೆಯೂ ಇರಬೇಕು, ಬಾಯಿ ಬಿಟ್ಟು ಹೇಳಿದಂತೆಯೂ ಇರಬಾರದು. ಆ ಎರಡು ಕೆಲಸವನ್ನೂ ತೀರ್ಪಿನ ಹೆಸರೊಂದೇ ಮಾಡಿಕೊಟ್ಟಿತು. ರಾಜಕಾರಣಿಗಳಿಗೆ ಹೇಗ್‌ನಿಂದ ಇಷ್ಟು ಜಾಣ ಉಪಯೋಗ ಬೇರೆಲ್ಲೂ ಆಗಿಲ್ಲ.

ಮೇಲ್ಮನವಿ ಇಲ್ಲ. ಆದರೆ ನ್ಯಾಯಾಲಯದ ಶಾಸನದ 61ನೇ ವಿಧಿಯಡಿ ಪುನರ್ಪರಿಶೀಲನೆ ಕೇಳಬಹುದು: ತೀರ್ಪಿನ ಹೊತ್ತಿಗೆ ಗೊತ್ತಿರದಿದ್ದ ನಿರ್ಣಾಯಕ ಹೊಸ ಸಂಗತಿ ಬೇಕು, ಅದು ಸಿಕ್ಕ ಆರು ತಿಂಗಳೊಳಗೆ ಅರ್ಜಿ ಹಾಕಬೇಕು, ತೀರ್ಪಿನಿಂದ ಹತ್ತು ವರ್ಷ ಮೀರಿರಬಾರದು. ಬೋಸ್ನಿಯಾ ಗಡುವಿಗೆ ಮೂರು ದಿನ ಇರುವಾಗ, 2017ರ ಫೆಬ್ರವರಿ 23ರಂದು, ಅರ್ಜಿ ಕೊಟ್ಟಿತು. ಕೊಟ್ಟಿತು ಎನ್ನುವುದೇ ತಪ್ಪು. ಮೂವರು ಸದಸ್ಯರ ಅಧ್ಯಕ್ಷ ಮಂಡಳಿಯಲ್ಲಿ ಬೋಸ್ನಿಯಾಕ್ ಸದಸ್ಯ ಬಾಕಿರ್ ಇಜೆತ್‌ಬೆಗೊವಿಚ್ ಒಬ್ಬರೇ ಮುಂದೆ ನಿಂತರು, 2002ರಲ್ಲಿ ನೇಮಕವಾಗಿದ್ದ ಪ್ರತಿನಿಧಿಯ ವಕಾಲತ್ತು ಇನ್ನೂ ಊರ್ಜಿತ ಎಂದರು. ಮಾರ್ಚ್ 9ರಂದು ನ್ಯಾಯಾಲಯ, ಇದು ಅಧಿಕಾರವುಳ್ಳವರ ತೀರ್ಮಾನವಲ್ಲ, ಕ್ರಮ ಸಾಧ್ಯವಿಲ್ಲ ಎಂದು ಮುಗಿಸಿತು. ಮಂಡಳಿಯ ಸರ್ಬ್ ಸದಸ್ಯರು 1999ರಲ್ಲಿ ಮೂಲ ದಾವೆಯನ್ನೇ ಹಿಂಪಡೆಯಲು ಯತ್ನಿಸಿದ್ದರು. ಆಗ ನ್ಯಾಯಾಲಯ ಅದಕ್ಕೂ ಒಪ್ಪಿರಲಿಲ್ಲ. ಒಡೆದ ಸರ್ಕಾರ ದಾವೆ ಹೂಡುವಾಗ ವಕಾಲತ್ತನ್ನು ಮೊದಲ ದಿನವೇ ಗಟ್ಟಿ ಮಾಡಿಕೊಳ್ಳಬೇಕು. ಹೊಸ ಪುರಾವೆ ಗಟ್ಟಿಯಿತ್ತೇ ಎಂಬ ಪ್ರಶ್ನೆ ಏಳುವ ಮೊದಲೇ ಬಾಗಿಲು ಮುಚ್ಚಿತು.

ಆಮೇಲಿನದ್ದು ಬೇರೆ ಸಂಸ್ಥೆಗಳ ಕೆಲಸ. ಸ್ರೆಬ್ರೆನಿತ್ಸಾವನ್ನು ನರಮೇಧವೆಂದು ಖಂಡಿಸುವ ಭದ್ರತಾ ಮಂಡಳಿಯ ನಿರ್ಣಯಕ್ಕೆ 2015ರಲ್ಲಿ ರಷ್ಯಾ ವಿಟೋ ಹಾಕಿತು. ಬೋಸ್ನಿಯಾದ ಶಾಂತಿ ಒಪ್ಪಂದದ ಉಸ್ತುವಾರಿ ಹೊತ್ತ ಅಂತರರಾಷ್ಟ್ರೀಯ ಉನ್ನತ ಪ್ರತಿನಿಧಿಯಾಗಿದ್ದ ವ್ಯಾಲೆಂಟಿನ್ ಇಂಜ್ಕೊ 2021ರ ಜುಲೈನಲ್ಲಿ ನರಮೇಧ ನಿರಾಕರಣೆಗೆ ಆರು ತಿಂಗಳಿಂದ ಐದು ವರ್ಷ ಜೈಲು ಎಂಬ ತಿದ್ದುಪಡಿಯನ್ನು ಹೇರಿದರು. ಬೋಸ್ನಿಯಾದ ಸರ್ಬ್ ಪ್ರತಿನಿಧಿಗಳು ರಾಷ್ಟ್ರಮಟ್ಟದ ಸಂಸ್ಥೆಗಳನ್ನು ಬಹಿಷ್ಕರಿಸಿದರು. 2024ರ ಮೇ 23ರಂದು ಮಹಾಸಭೆ ಜುಲೈ 11ನ್ನು ಸ್ರೆಬ್ರೆನಿತ್ಸಾ ನರಮೇಧದ ಸ್ಮರಣೆಯ ದಿನವೆಂದು ಘೋಷಿಸಿತು. 84 ಪರ, 19 ವಿರೋಧ, 68 ತಟಸ್ಥ. ತೀರ್ಪು ಬಂದು 17 ವರ್ಷಕ್ಕೆ, ವಿರೋಧಿಸಿದವರನ್ನೂ ತಟಸ್ಥರನ್ನೂ ಕೂಡಿಸಿದರೆ ಒಪ್ಪಿದವರಿಗಿಂತ ಹೆಚ್ಚು.

ಕ್ರೊಯೇಷಿಯಾ 1999ರಲ್ಲಿ ಸರ್ಬಿಯಾದ ಮೇಲೆ, ಸರ್ಬಿಯಾ 2010ರಲ್ಲಿ ಪ್ರತಿದಾವೆಯಾಗಿ ಕ್ರೊಯೇಷಿಯಾದ ಮೇಲೆ ಹೂಡಿದವು. 2015ರ ಫೆಬ್ರವರಿ 3ರಂದು ಎರಡೂ ವಜಾ. ಅದರ ಬಗ್ಗೆ ಇಷ್ಟು ಸಾಕು.

ಗಾಂಬಿಯಾ, ದಕ್ಷಿಣ ಆಫ್ರಿಕಾ: ಮೂರನೆಯವರ ದಾವೆ

ರೊಹಿಂಗ್ಯಾ ವಿಚಾರದಲ್ಲಿ ಮ್ಯಾನ್ಮಾರ್ ಮೇಲೆ ದಾವೆ ಹೂಡಿದ್ದು ಪಶ್ಚಿಮ ಆಫ್ರಿಕಾದ ಗಾಂಬಿಯಾ, 2019ರ ನವೆಂಬರ್ 11ರಂದು, ಇಸ್ಲಾಮಿಕ್ ಸಹಕಾರ ಸಂಘಟನೆಯ ಬೆಂಬಲದಿಂದ. ಹಾನಿಯಾದದ್ದು ಬೇರೆಯವರಿಗೆ, ನಿಮಗೇನು ಎಂದು ಮ್ಯಾನ್ಮಾರ್ ಕೇಳಿತು. ಒಡಂಬಡಿಕೆಗೆ ಸೇರಿದ ಪ್ರತಿ ದೇಶಕ್ಕೂ ಅದರ ಪಾಲನೆಯಲ್ಲಿ ಹಿತಾಸಕ್ತಿ ಇದೆ ಎಂದು 2022ರ ಜುಲೈ 22ರಂದು ನ್ಯಾಯಾಲಯ ಉತ್ತರಿಸಿತು. ದಕ್ಷಿಣ ಆಫ್ರಿಕಾ ಗಾಜಾ ವಿಷಯಕ್ಕೆ ದಾವೆ ಹೂಡಲು ಆದದ್ದು ಈ ದಾರಿಯಿಂದಲೇ.

ಮ್ಯಾನ್ಮಾರ್ ಪರ ಹೇಗ್‌ಗೆ ಬಂದು ಮಾತಾಡಿದ್ದು ಆಂಗ್ ಸಾನ್ ಸೂ ಕಿ. ಹೊರಗೆ ಅವರ ಹೆಸರು ಮಣ್ಣಾಯಿತು, ಒಳಗೆ ಬೆಂಬಲದ ಮೆರವಣಿಗೆಗಳು ನಡೆದವು, 2020ರ ನವೆಂಬರ್ ಚುನಾವಣೆಯಲ್ಲಿ ಅವರ ಪಕ್ಷ ಭರ್ಜರಿಯಾಗಿ ಗೆದ್ದಿತು. ಮಧ್ಯಂತರ ಆದೇಶ ಸರ್ವಾನುಮತದ್ದು, ಮ್ಯಾನ್ಮಾರ್ ನೇಮಿಸಿದ ನ್ಯಾಯಾಧೀಶರ ಮತವೂ ಸೇರಿ. ಅದರ ನಂತರ ಮ್ಯಾನ್ಮಾರ್ ಅಧ್ಯಕ್ಷರ ಕಚೇರಿ 2020ರ ಏಪ್ರಿಲ್ 8ರಂದು ನರಮೇಧ ಒಡಂಬಡಿಕೆಯನ್ನು ಪಾಲಿಸಿ ಎಂಬ ಸುತ್ತೋಲೆ ಹೊರಡಿಸಿತು. ನಾಲ್ಕು ತಿಂಗಳಿಗೆ ಮೊದಲ ವರದಿ, ಆಮೇಲೆ ಆರು ತಿಂಗಳಿಗೊಂದು. ಆದರೆ ಆ ವರದಿಗಳು ಸಾರ್ವಜನಿಕವಲ್ಲ, ಹಾಗಾಗಿ ಯಾರ ಮೇಲೂ ಒತ್ತಡ ಬೀಳುವುದಿಲ್ಲ. 2021ರ ಫೆಬ್ರವರಿ 1ಕ್ಕೆ ಸೇನಾ ದಂಗೆ. ಪರ್ಯಾಯ ಸರ್ಕಾರ ತಕರಾರುಗಳನ್ನು ಹಿಂಪಡೆಯುತ್ತೇವೆ ಎಂದು ಬರೆದರೂ 2022ರ ವಿಚಾರಣೆಯಲ್ಲಿ ಮ್ಯಾನ್ಮಾರ್ ಹೆಸರಿನಲ್ಲಿ ಎದ್ದುನಿಂತವರು ಸೇನೆಯ ಪ್ರತಿನಿಧಿಗಳು. ದಂಗೆಕೋರರಿಗೆ ಇಷ್ಟು ಗೌರವದ ವೇದಿಕೆ ಬೇರೆಲ್ಲಿ ಸಿಗುತ್ತಿತ್ತೋ.

ಗಾಜಾ ದಾವೆಯಲ್ಲಿ 2024ರಲ್ಲಿ ಮೂರು ಆದೇಶ ಬಂದವು: ಜನವರಿ 26, ಮಾರ್ಚ್ 28, ಮೇ 24. ಮೂರನೆಯದು ರಫಾ ಕಾರ್ಯಾಚರಣೆಯ ಬಗ್ಗೆ, 13–2. ಅದರ ವಾಕ್ಯ ಎಷ್ಟು ಗಂಟಾಗಿತ್ತೆಂದರೆ ಕಾರ್ಯಾಚರಣೆ ಪೂರ್ತಿ ನಿಲ್ಲಬೇಕೋ, ಜನಾಂಗದ ನಾಶಕ್ಕೆ ದಾರಿಯಾಗುವಂಥದ್ದು ಮಾತ್ರ ನಿಲ್ಲಬೇಕೋ ಎಂದು ಪೀಠದ ನ್ಯಾಯಾಧೀಶರೇ ತಮ್ಮ ಪ್ರತ್ಯೇಕ ಟಿಪ್ಪಣಿಗಳಲ್ಲಿ ಬೇರೆಬೇರೆಯಾಗಿ ಬರೆದರು. ಇಸ್ರೇಲ್ ತನಗೆ ಬೇಕಾದ ಅರ್ಥ ಹಿಡಿದು ಮುಂದುವರಿಯಿತು. ಬಹುಮತ ಗಳಿಸಲು ವಾಕ್ಯವನ್ನು ಮಸುಕಾಗಿಸಿದರೆ ಅದರ ಲಾಭ ಹೋಗುವುದು ಪ್ರತಿವಾದಿಗೆ.

ಪರಿಣಾಮ ಕಂಡದ್ದು ಅಂಚಿನಲ್ಲಿ. ಜಪಾನಿನ ಇಟೊಚು ಕಂಪನಿ ಜನವರಿ ಆದೇಶವನ್ನು ಹೆಸರಿಸಿಯೇ ಇಸ್ರೇಲಿನ ಆಯುಧ ಕಂಪನಿ ಎಲ್ಬಿಟ್ ಜೊತೆಗಿನ ಒಪ್ಪಂದವನ್ನು ಫೆಬ್ರವರಿಯಲ್ಲಿ ಕೈಬಿಟ್ಟಿತು. ಆಯುಧ ಕೊಡುವ ಜರ್ಮನಿಯ ಮೇಲೆ ನಿಕರಾಗುವಾ ದಾವೆ ಹೂಡಿತು. ಏಪ್ರಿಲ್ 30ರಂದು ಮಧ್ಯಂತರ ಆದೇಶಕ್ಕೆ ಒಪ್ಪದಿದ್ದರೂ ನ್ಯಾಯಾಲಯ ದಾವೆಯನ್ನು ತಳ್ಳಿಹಾಕಲಿಲ್ಲ. ಇಲ್ಲಿ ಬಳಕೆಗೆ ಬಂದದ್ದು 2007ರ ಬೋಸ್ನಿಯಾ ತೀರ್ಪಿನ ತತ್ವ: ಗಂಭೀರ ಅಪಾಯವಿದೆ ಎಂದು ಗೊತ್ತಾದ, ಅಥವಾ ಗೊತ್ತಾಗಬೇಕಿದ್ದ ಕ್ಷಣದಿಂದಲೇ, ಪ್ರಭಾವ ಬೀರಬಲ್ಲ ಪ್ರತಿ ದೇಶಕ್ಕೂ ತಡೆಯುವ ಹೊಣೆ ಅಂಟಿಕೊಳ್ಳುತ್ತದೆ. ಬೋಸ್ನಿಯಾಗೆ ಹಣ ತಂದುಕೊಡದ ತೀರ್ಪು ಈಗ ಆಯುಧ ಮಾರುವ ದೇಶಗಳ ಕಾನೂನು ಸಲಹೆಗಾರರ ಮೇಜಿನ ಮೇಲಿದೆ.

ದಾವೆ ಹೂಡಿದವರೂ ಬೆಲೆ ತೆರುತ್ತಾರೆ. 2025ರ ಫೆಬ್ರವರಿ 7ರಂದು ಟ್ರಂಪ್ ದಕ್ಷಿಣ ಆಫ್ರಿಕಾಗೆ ನೆರವು ನಿಲ್ಲಿಸಿದ ಆದೇಶದಲ್ಲಿ ಕೊಟ್ಟ ಕಾರಣಗಳಲ್ಲಿ ಈ ದಾವೆಯೂ ಒಂದು. ಉಕ್ರೇನ್ ಕಥೆ ಇನ್ನೊಂದು ಬಗೆ. ನಾವು ನರಮೇಧ ನಡೆಸುತ್ತಿಲ್ಲ, ರಷ್ಯಾದ ಆರೋಪ ಸುಳ್ಳು ಎಂದು ಹೋಗಿ, 2022ರ ಮಾರ್ಚ್ 16ರಂದು ಸೇನಾ ಕಾರ್ಯಾಚರಣೆ ನಿಲ್ಲಿಸಿ ಎಂಬ ಆದೇಶ ಪಡೆಯಿತು. 2024ರ ಫೆಬ್ರವರಿ 2ರಂದು ಆ ಆದೇಶಕ್ಕೆ ಆಧಾರವಾಗಿದ್ದ ಭಾಗವೇ ನ್ಯಾಯವ್ಯಾಪ್ತಿಯಿಂದ ಹೊರಬಿತ್ತು.

ಓದುಗರಿಗೆ ಸಿಗುವ ಸೇವೆ

ನಮ್ಮಂಥ ಓದುಗರಿಗೆ ನ್ಯಾಯಾಲಯದ ಜಾಲತಾಣವೇ ಕಟಕಟೆ, ಮತ್ತು ಅದು ನಿಜಕ್ಕೂ ಚೆನ್ನಾಗಿದೆ. ಉಚಿತ, ಲಾಗಿನ್ ಬೇಡ, ಇಂಗ್ಲಿಷ್ ಮತ್ತು ಫ್ರೆಂಚ್. ಪ್ರಕರಣದ ಸಂಖ್ಯೆ ಗೊತ್ತಿದ್ದರೆ ಹುಡುಕಾಟ ಸುಲಭ: ಬೋಸ್ನಿಯಾ 91, ಗಾಂಬಿಯಾ 178, ಉಕ್ರೇನ್ 182, ದಕ್ಷಿಣ ಆಫ್ರಿಕಾ 192. ಮೊದಲು ಆದೇಶದ ಕೊನೆಯ ಪರಿಚ್ಛೇದ ಓದಿ. ಗಾಂಬಿಯಾದ್ದೂ ದಕ್ಷಿಣ ಆಫ್ರಿಕಾದ ಜನವರಿಯದ್ದೂ 86ನೆಯದು. ಯಾರು ಪರ, ಯಾರು ವಿರೋಧ ಎಂಬ ಹೆಸರುಗಳು ಅಲ್ಲೇ ಇರುತ್ತವೆ. ಭಾರತದ ದಲ್ವೀರ್ ಭಂಡಾರಿ 2024ರ ಮೂರು ಆದೇಶಗಳಲ್ಲೂ ಬಹುಮತದ ಜೊತೆಗಿದ್ದರು. ಆಮೇಲೆ ನ್ಯಾಯಾಧೀಶರ ಪ್ರತ್ಯೇಕ ಟಿಪ್ಪಣಿಗಳು. ಮಾತಿನ ವಾದ ಬೇಕಿದ್ದರೆ ಸಿಆರ್ ಎಂದು ಶುರುವಾಗುವ ದಾಖಲೆ ನೋಡಿ: 2019/19ರಲ್ಲಿ ಸೂ ಕಿ ಭಾಷಣ, 2024/1ರಲ್ಲಿ ದಕ್ಷಿಣ ಆಫ್ರಿಕಾ, 2024/2ರಲ್ಲಿ ಇಸ್ರೇಲ್. ಪತ್ರಿಕಾ ಪ್ರಕಟಣೆಯೊಂದನ್ನೇ ನೆಚ್ಚಿಕೊಂಡರೆ ಮೇಲೆ ಹೇಳಿದ 'ನಂಬಲರ್ಹ' ಗೊಂದಲಕ್ಕೆ ಮತ್ತೆ ಬೀಳುತ್ತೀರಿ.

ಸಿಗದೇ ಇರುವುದು ಲಿಖಿತ ವಾದ. ಸಾಮಾನ್ಯವಾಗಿ ಮೌಖಿಕ ವಿಚಾರಣೆ ಶುರುವಾದ ಮೇಲೆಯೇ ಅವನ್ನು ಬಿಡುಗಡೆ ಮಾಡುವುದು. ದಕ್ಷಿಣ ಆಫ್ರಿಕಾ 2024ರ ಅಕ್ಟೋಬರ್ 28ರಂದು ಸಲ್ಲಿಸಿದ್ದು 750ಕ್ಕೂ ಹೆಚ್ಚು ಪುಟದ ವಾದಪತ್ರ, 4,000ಕ್ಕೂ ಮೀರಿದ ಪುಟಗಳ ಲಗತ್ತು. ಅದರ 'ಸೋರಿಕೆಯಾದ ಪ್ರತಿ' ಎಂದು ವಾಟ್ಸ್ಆ್ಯಪ್‌ನಲ್ಲಿ ಏನಾದರೂ ಬಂದರೆ 192ನೇ ಪ್ರಕರಣದ ಪುಟ ತೆರೆದು ಲಿಖಿತ ವಾದದ ವಿಭಾಗ ನೋಡಿ. ಅಲ್ಲಿ ಇಲ್ಲದ್ದನ್ನು ಮುಂದಕ್ಕೆ ಕಳಿಸಬೇಡಿ. 84 ಪುಟದ ಮೂಲ ಅರ್ಜಿ ಮಾತ್ರ ಮೊದಲ ದಿನದಿಂದಲೂ ಅಲ್ಲೇ ಇದೆ.